ಜೇಬಿನ ಮಿತಿಯೂ ವ್ರತದ ಮಿತಿಯೂ

ಇಸ್ಪೀಟಿನ ಮೇಜಿಗೆ ಎಷ್ಟು ಹಣ ಒಯ್ಯಬೇಕು ಎಂಬುದು ಈಗ ಹಾಸ್ಯದ ಪ್ರಶ್ನೆಯಾಗಿ ಉಳಿದಿಲ್ಲ. ಒಂದು ಕಾಲದಲ್ಲಿ ಈ ಲೆಕ್ಕ ಹಾಕುತ್ತಿದ್ದವರು ಯುಗಾದಿಯ ಮರುದಿನ, ಹೊಸತೊಡಕಿನಂದು, ಊರಾಚೆಯ ತೋಪಿನಲ್ಲಿ ಗೋಣಿತಾಟು ಹಾಸಿ ಅಂದರ್-ಬಾಹರ್ ಆಡಲು ಕೂರುತ್ತಿದ್ದವರು. ಇಂದು ಅದನ್ನು ಗಂಭೀರವಾಗಿ ಚರ್ಚಿಸುವವರು ಪದವೀಧರರು, ಅಂಗಡಿ-ಗೋದಾಮುಗಳ ಒಡೆಯರು, ತೆರಿಗೆಯ ಲೆಕ್ಕವನ್ನು ತಾವೇ ಬರೆಯಬಲ್ಲವರು. ದೇವನಹಳ್ಳಿಯ ಕಡೆಯ ತೋಟದ ಮನೆಯಲ್ಲಿ ಶನಿವಾರ ರಾತ್ರಿ ಎಂಟೊಂಬತ್ತು ಮಂದಿ ಸೇರಿ ಪೋಕರ್ ಆಡುವುದು ಕೆಲವರಿಗೆ ದೊಡ್ಡಸ್ತಿಕೆಯ ಗುರುತು. ಅಂಥವರನ್ನು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: “ಹೋದರೂ ಪರವಾಗಿಲ್ಲ ಎನ್ನಿಸುವಷ್ಟು ಮಾತ್ರ ಒಯ್ಯಬೇಕು.” ಇದರೊಡನೆ ಇನ್ನೊಂದು ಮಾತೂ ಸೇರಿಕೊಳ್ಳುತ್ತದೆ: “ಪರಿಮಾಣ ವ್ರತವೆಂದರೆ ಇದೇ ಅಲ್ಲವೇ? ಮಿತಿ ಹಾಕಿಕೊಂಡೇ ಆಡುತ್ತೇವೆ.” ಮೊದಲನೆಯ ಮಾತು ಅರ್ಧ ಸತ್ಯ. ಎರಡನೆಯದು ವ್ರತಕ್ಕೆ ಮಾಡುವ ಅಪಚಾರ.

ಆಟಗಾರರ ನಿಯಮವನ್ನು ಮೊದಲು ನ್ಯಾಯವಾಗಿ ತಿಳಿದುಕೊಳ್ಳಬೇಕು. ತಿಳಿಯದೆ ಹಳಿಯುವುದು ವಿದ್ಯಾವಂತರ ಲಕ್ಷಣವಲ್ಲ. ಈಗ ಹೆಚ್ಚು ಪ್ರಚಲಿತವಾಗಿರುವ ಟೆಕ್ಸಾಸ್ ಹೋಲ್ಡೆಮ್ ಎಂಬ ಬಗೆಯಲ್ಲಿ ಪ್ರತಿಯೊಬ್ಬನ ಕೈಗೂ ಎರಡೆರಡು ಎಲೆ, ಮೇಜಿನ ನಡುವೆ ಎಲ್ಲರಿಗೂ ಸಾಮಾನ್ಯವಾದ ಐದು ಎಲೆ. ಎಲೆ ನೋಡುವ ಮುನ್ನವೇ ಸರದಿಯಂತೆ ಇಬ್ಬರು ಹಾಕಲೇಬೇಕಾದ ಪಣಕ್ಕೆ ಬ್ಲೈಂಡ್ ಎಂದು ಹೆಸರು. ಚಿಕ್ಕ ಬ್ಲೈಂಡ್ 50 ರೂಪಾಯಿ, ದೊಡ್ಡದು 100 ರೂಪಾಯಿ ಇರುವ ಮೇಜಿನಲ್ಲಿ ದೊಡ್ಡ ಬ್ಲೈಂಡಿನ ನೂರು ಪಟ್ಟು, ಅಂದರೆ 10,000 ರೂಪಾಯಿ ಇಟ್ಟುಕೊಂಡು ಕೂರುವುದು ವಾಡಿಕೆ. ಇದನ್ನು ಬೈ-ಇನ್ ಎನ್ನುತ್ತಾರೆ. ಒಂದು ರಾತ್ರಿಗೆ ಎರಡು ಅಥವಾ ಮೂರು ಬೈ-ಇನ್ ಸಾಕು. ಆಟಕ್ಕೆಂದೇ ಪ್ರತ್ಯೇಕವಾಗಿ ತೆಗೆದಿಟ್ಟ ನಿಧಿ ಇಪ್ಪತ್ತು ಮೂವತ್ತು ಬೈ-ಇನ್ನಿಗಿಂತ ಕಡಿಮೆ ಇರಬಾರದು. ಮನೆಯ ಹಣ, ಅಂಗಡಿಯ ಹಣ ಅದರೊಡನೆ ಬೆರೆಯಬಾರದು. ಇಷ್ಟನ್ನು ಅನುಭವಿಗಳು ಹೊಸಬರಿಗೆ ಹೇಳಿಕೊಡುತ್ತಾರೆ. ಒಂದು ಕೈ ನಡೆಯುತ್ತಿರುವಾಗ ಮೇಜಿನ ಮೇಲಿರುವ ಹಣವನ್ನಷ್ಟೇ ಪಣವಾಗಿಡಬಹುದು, ಜೇಬಿಗೆ ಕೈ ಹಾಕುವಂತಿಲ್ಲ ಎಂಬ ಕಟ್ಟಳೆಯೂ ಉಂಟು.

ಈ ನಿಯಮ ಮೂರ್ಖರು ಮಾಡಿದ್ದಲ್ಲ. ಪಂಪನು ವಿಕ್ರಮಾರ್ಜುನ ವಿಜಯದಲ್ಲಿ ಚಿತ್ರಿಸಿದ ದ್ಯೂತಸಭೆಯಲ್ಲಿ ಇಂಥ ಕಟ್ಟಳೆ ಇದ್ದಿದ್ದರೆ ಧರ್ಮರಾಯನ ಗತಿ ಬೇರೆಯಾಗುತ್ತಿತ್ತೆಂದು ಇಂದಿನ ಆಟಗಾರ ವಾದಿಸಬಹುದು. ಬಂಡವಾಳವನ್ನು ಬೇರ್ಪಡಿಸಿಡುವುದು ವರ್ತಕನೂ ಮೆಚ್ಚುವ ಗುಣವೇ. ಆದರೆ ಮೂರು ಬೈ-ಇನ್ ಎಂದರೆ 30,000 ರೂಪಾಯಿ. ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಅಷ್ಟು ಹಣ ಉಳಿಯಬೇಕಾದರೆ ಎಷ್ಟು ದಿನ ಮಗ್ಗದ ಸದ್ದು ನಿಲ್ಲದಿರಬೇಕು ಎಂಬುದನ್ನು ಅಲ್ಲಿಂದ ಸೀರೆ ತರುವ ವ್ಯಾಪಾರಿಗಳು ಬಲ್ಲರು. ಒಬ್ಬನಿಗೆ “ಹೋದರೂ ಪರವಾಗಿಲ್ಲ” ಎನ್ನಿಸುವ ಮೊತ್ತವೇ ಎದುರು ಕುಳಿತ ಇನ್ನೊಬ್ಬನಿಗೆ ನೂಲಿನ ಹಣವೋ, ಮಗಳ ಕಾಲೇಜಿನ ಶುಲ್ಕವೋ ಆಗಿರಬಹುದು. ಮೇಜು ಈ ವ್ಯತ್ಯಾಸವನ್ನು ಕೇಳುವುದಿಲ್ಲ. ಎಲ್ಲರ ಮುಂದೆಯೂ ಒಂದೇ ಬಣ್ಣದ ಚಿಪ್ಪುಗಳನ್ನು ಇಡುತ್ತದೆ.

ಈಗ ಜಮಾ-ಖರ್ಚಿನ ಪ್ರಶ್ನೆ. ಒಂಬತ್ತು ಮಂದಿ ತಲಾ 10,000 ರೂಪಾಯಿಯೊಡನೆ ಕುಳಿತರೆಂದು ಭಾವಿಸೋಣ. ಮೇಜಿನ ಮೇಲೆ 90,000 ರೂಪಾಯಿ. ಗಂಟೆಗೆ ಇಪ್ಪತ್ತೈದು ಕೈಗಳಂತೆ ಆರು ಗಂಟೆ ಆಡಿದರೆ 150 ಕೈ. ಪ್ರತಿ ಕೈಯಲ್ಲಿ ಸರಾಸರಿ 2,000 ರೂಪಾಯಿ ಪಣ ಸೇರುತ್ತದೆ, ಆಟ ನಡೆಸುವವನು ಅದರಲ್ಲಿ ಶೇ. 5 ತೆಗೆದುಕೊಳ್ಳುತ್ತಾನೆ ಎಂದಿಟ್ಟುಕೊಂಡರೆ ಕೈಯೊಂದಕ್ಕೆ 100 ರೂಪಾಯಿ, ಬೆಳಗಾಗುವುದರೊಳಗೆ 15,000 ರೂಪಾಯಿ. ಮೇಜಿನ ಮೇಲೆ ಉಳಿಯುವುದು 75,000. ಯಾರು ಗೆದ್ದರು, ಯಾರು ಸೋತರು ಎಂಬುದು ಏನೇ ಇರಲಿ, ಒಂಬತ್ತು ಮಂದಿಯೂ ಒಟ್ಟಾಗಿ 15,000 ರೂಪಾಯಿ ಕಳೆದುಕೊಂಡಿದ್ದಾರೆ. ಹೊಸಕೋಟೆಯ ಗೋದಾಮಿನಲ್ಲಿ ರಾಗಿ ಮಾರಿದವನಿಗೆ ಹಣ ಬಂತು, ಕೊಂಡವನಿಗೆ ರಾಗಿ ಬಂತು, ಹಮಾಲಿಗೆ ಕೂಲಿ ಬಂತು. ಇಲ್ಲಿ ಯಾವ ಸರಕು ಕೈ ಬದಲಾಯಿಸಿತು? ಒಂದು ಚೀಲ ಧಾನ್ಯವಿಲ್ಲ, ಒಂದು ಗಜ ಬಟ್ಟೆಯಿಲ್ಲ. ರಾತ್ರಿಯ ನಿದ್ರೆ ಮಾತ್ರ ಖರ್ಚು.

“ಮನೆಯಲ್ಲೇ ಸ್ನೇಹಿತರು ಆಡಿದರೆ ಕಮಿಷನ್ ಇರುವುದಿಲ್ಲವಲ್ಲ?” ಎಂದು ಕೇಳುವವರಿದ್ದಾರೆ. ನಿಜ, ಆಗ 90,000 ರೂಪಾಯಿ 90,000 ಆಗಿಯೇ ಉಳಿಯುತ್ತದೆ. ಆದರೆ ಗೆದ್ದವನ ಮನೆಗೆ ಹೋದ ಪ್ರತಿಯೊಂದು ರೂಪಾಯಿಯೂ ಆಗ ಸ್ನೇಹಿತನ ಜೇಬಿನಿಂದಲೇ ಬಂದಿರುತ್ತದೆ. ಅಪರಿಚಿತನಿಂದ ಕಿತ್ತುಕೊಳ್ಳುವುದಕ್ಕಿಂತ ಸ್ನೇಹಿತನಿಂದ ಕಿತ್ತುಕೊಳ್ಳುವುದು ಹೇಗೆ ಉತ್ತಮವಾಯಿತೋ ಅವರೇ ಹೇಳಬೇಕು.

ಚಿಕ್ಕ ಮೊತ್ತ ಒಯ್ದವನು ಸುರಕ್ಷಿತ ಎಂಬ ಭಾವನೆಯೂ ಗಣಿತದ ಮುಂದೆ ನಿಲ್ಲುವುದಿಲ್ಲ. ಇಬ್ಬರೇ ಆಡುತ್ತಿದ್ದಾರೆ, ಒಬ್ಬನಲ್ಲಿ 10,000 ರೂಪಾಯಿ, ಮತ್ತೊಬ್ಬನಲ್ಲಿ 90,000, ಆಟ ಪೂರ್ಣ ಸಮಬಲದ್ದು, ಪ್ರತಿ ಸಲದ ಪಣವೂ ಸಮ, ಒಬ್ಬನ ಕೈ ಬರಿದಾಗುವವರೆಗೆ ಆಟ ನಿಲ್ಲದು ಎಂದಿಟ್ಟುಕೊಳ್ಳಿ. ಚಿಕ್ಕವನು ಹತ್ತರಲ್ಲಿ ಒಂಬತ್ತು ಸಲ ಬರಿಗೈಯಲ್ಲಿ ಏಳುತ್ತಾನೆ. ಯಾವ ಮೋಸವೂ ಬೇಕಿಲ್ಲ, ಯಾವ ಕೌಶಲವೂ ಬೇಕಿಲ್ಲ. ದೊಡ್ಡ ಗಂಟು ಚಿಕ್ಕ ಗಂಟನ್ನು ನುಂಗುವುದು ಅಂಕಿಗಳ ಸ್ವಭಾವ. ಇದನ್ನು ತಿಳಿದ ಆಟಗಾರ ಹೆಚ್ಚು ಒಯ್ಯಲು ತೊಡಗುತ್ತಾನೆ. ಅಂಜುವ ಹಣ ಗೆಲ್ಲುವುದಿಲ್ಲ ಎಂಬ ಮಾತು ಅವರ ವಲಯದಲ್ಲಿದೆ. ಕಡಿಮೆ ಒಯ್ಯಿ ಎಂಬ ಉಪದೇಶವೂ, ಕಡಿಮೆ ಒಯ್ದರೆ ಗೆಲ್ಲಲಾರೆ ಎಂಬ ಉಪದೇಶವೂ ಒಂದೇ ಬಾಯಿಂದ ಬರುತ್ತವೆ.

ಈ ವಿರೋಧಾಭಾಸ ಆಕಸ್ಮಿಕವಲ್ಲ, ಆಟದ ಮೂಲದಲ್ಲೇ ಇದೆ. ಪೋಕರ್‌ನ ಪ್ರಾಣವೇ ಬ್ಲಫ್. ಕೈಯಲ್ಲಿ ಕೆಟ್ಟ ಎಲೆ ಇಟ್ಟುಕೊಂಡು ದೊಡ್ಡ ಪಣ ಹೂಡಿ, ಒಳ್ಳೆಯ ಎಲೆಯುಳ್ಳವನನ್ನು ಹೆದರಿಸಿ ಆಟದಿಂದ ಹೊರಗೆ ಕಳುಹಿಸುವುದು. ಆ ಹೆದರಿಕೆ ಏತರ ಹೆದರಿಕೆ? ಹಣ ಹೋದೀತೆಂಬ ಹೆದರಿಕೆ. ಮೇಜಿನ ಸುತ್ತ ಕುಳಿತವರೆಲ್ಲರೂ ನಿಜವಾಗಿಯೂ “ಹೋದರೂ ಪರವಾಗಿಲ್ಲ” ಎನ್ನುವಷ್ಟನ್ನೇ ತಂದಿದ್ದರೆ ಯಾರೂ ಹೆದರುವುದಿಲ್ಲ, ಯಾರೂ ಎಲೆ ಕೆಳಗಿಡುವುದಿಲ್ಲ. ಬ್ಲಫ್ ಸಾಯುತ್ತದೆ, ಆಟವೂ ಸಾಯುತ್ತದೆ. ಹುಣಿಸೆ ಬೀಜ ಇಟ್ಟುಕೊಂಡು ಪೋಕರ್ ಆಡಿ ನೋಡಿದವರಿಗೆ ಇದು ಗೊತ್ತು: ಹತ್ತು ನಿಮಿಷದಲ್ಲಿ ಎಲ್ಲರೂ ಎಲ್ಲವನ್ನೂ ಮುಂದೆ ತಳ್ಳಿ ನಗುತ್ತಾ ಎದ್ದುಬಿಡುತ್ತಾರೆ. ಹುಣಿಸೆ ಬೀಜಕ್ಕೂ ನೋಟಿಗೂ ಇರುವ ವ್ಯತ್ಯಾಸ ನೋವು ಒಂದೇ. ಆದುದರಿಂದ ಈ ಆಟ ನಡೆಯಬೇಕಾದರೆ ನೋವಾಗುವಷ್ಟು ಹಣ ಮೇಜಿನ ಮೇಲೆ ಇರಲೇಬೇಕು. ತನಗೆ ನೋವಾಗದಷ್ಟು ತಂದಿದ್ದೇನೆಂದು ಹೇಳುವವನು ಒಂದೋ ಸುಳ್ಳು ಹೇಳುತ್ತಿದ್ದಾನೆ, ಇಲ್ಲವೇ ಇತರರಿಗೆ ಮಾತ್ರ ನೋವಾಗುವ ಮೇಜನ್ನು ಆರಿಸಿಕೊಂಡಿದ್ದಾನೆ. ಎರಡನೆಯವನು ಮೊದಲನೆಯವನಿಗಿಂತ ಹೆಚ್ಚು ನಿಂದ್ಯ. ಎಷ್ಟು ಒಯ್ಯಬೇಕೆಂಬ ಪ್ರಶ್ನೆಗೆ ಸರಿಯಾದ ಅಂಕಿ ಇಲ್ಲದಿರುವುದು ಈ ಕಾರಣದಿಂದ. ನೋಯಿಸದ ಮೊತ್ತ ಆಟವಾಗುವುದಿಲ್ಲ. ಆಟವಾಗುವ ಮೊತ್ತ ಯಾರನ್ನಾದರೂ ನೋಯಿಸದೆ ಬಿಡುವುದಿಲ್ಲ. ಅಹಿಂಸೆಯನ್ನು ಮೊದಲ ಅಣುವ್ರತವಾಗಿ ಹೊತ್ತವನಿಗೆ ಇಷ್ಟು ಸಾಕಾಗಬೇಕಿತ್ತು.

ಇಲ್ಲಿ ನ್ಯಾಯಾಲಯದ ತೀರ್ಪುಗಳನ್ನು ಮುಂದೆ ಹಿಡಿಯುವವರಿದ್ದಾರೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಜೂಜುಕಟ್ಟೆ ನಡೆಸುವುದನ್ನೂ ಅಲ್ಲಿ ಸಿಕ್ಕಿಬೀಳುವುದನ್ನೂ ಅಪರಾಧವೆಂದು ಹೇಳಿ, ಶುದ್ಧ ಕೌಶಲದ ಆಟಕ್ಕೆ ವಿನಾಯಿತಿ ಕೊಟ್ಟಿತು. ಸರ್ವೋಚ್ಚ ನ್ಯಾಯಾಲಯ ಸತ್ಯನಾರಾಯಣ ಪ್ರಕರಣದಲ್ಲಿ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದಿತು. 2013ರಲ್ಲಿ ಇಂಡಿಯನ್ ಪೋಕರ್ ಅಸೋಸಿಯೇಷನ್ ಹೂಡಿದ ಅರ್ಜಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ, ಕೌಶಲದ ಆಟವಾಗಿ ಆಡುವುದಾದರೆ ಪರವಾನಗಿ ಬೇಕಿಲ್ಲವೆಂದಿತು. 2017ರಲ್ಲಿ ಗುಜರಾತ್ ಉಚ್ಚ ನ್ಯಾಯಾಲಯ ಅದೇ ಆಟವನ್ನು ಜೂಜು ಎಂದಿತು. 2021ರಲ್ಲಿ ಕರ್ನಾಟಕ ಶಾಸನಸಭೆ ಕಾಯ್ದೆ ತಿದ್ದಿ ಪಣವಿಟ್ಟ ಆನ್‌ಲೈನ್ ಆಟಗಳನ್ನು ನಿಷೇಧಿಸಿದರೆ, 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ತಳ್ಳಿಹಾಕಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಕೌಶಲ-ಅದೃಷ್ಟಗಳ ಭೇದವನ್ನೇ ಬಿಟ್ಟು, ಹಣ ಪಣವಾಗಿಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯ್ದೆ ಮಾಡಿತು. ಎದುರುಬದುರು ಕುಳಿತು ಆಡುವ ಮೇಜು ಅದರ ವ್ಯಾಪ್ತಿಗೆ ಬರುವುದಿಲ್ಲ. ಕಾನೂನು ತನ್ನ ಕೆಲಸ ಮಾಡಲಿ. ಕೌಶಲದ ಆಟವೆಂದು ಒಪ್ಪಿಕೊಂಡರೂ ಶ್ರಾವಕನ ಹೊರೆ ಇಳಿಯುವುದಿಲ್ಲ, ಹೆಚ್ಚುತ್ತದೆ. ಅದೃಷ್ಟದ ಆಟದಲ್ಲಿ ಗೆದ್ದವನು “ದೈವ ಕೊಟ್ಟಿತು” ಎಂದಾದರೂ ಹೇಳಬಹುದು. ಕೌಶಲದ ಆಟದಲ್ಲಿ ಗೆಲ್ಲುವ ಕುಶಲಿ, ತನಗಿಂತ ಕಡಿಮೆ ತಿಳಿದವನು ಯಾರೆಂದು ಗುರುತಿಸಿ, ಅವನ ಪಕ್ಕದಲ್ಲೇ ಕುರ್ಚಿ ಹುಡುಕಿ ಕೂರುತ್ತಾನೆ. ತಿಳಿಯದವನಿಗೆ ಕಡಿಮೆ ತೂಗಿ ಕೊಡುವ ತಕ್ಕಡಿಯೂ ಒಂದು ಕೌಶಲವೇ.

ಇನ್ನು ಪರಿಮಾಣ ವ್ರತದ ಮಾತು. ನೆಲಮಂಗಲ ತಾಲ್ಲೂಕಿನ ಮಣ್ಣೆ ಗಂಗರ ಕಾಲದಲ್ಲಿ ಮಾನ್ಯಪುರವಾಗಿತ್ತು. ಎಂಟನೆಯ ಶತಮಾನದ ಕೊನೆಯಲ್ಲಿ ಮಾರಸಿಂಹನ ಸೇನಾನಿ ಶ್ರೀವಿಜಯನು ಅಲ್ಲಿ ಜಿನಾಲಯ ಕಟ್ಟಿಸಿದ ಸಂಗತಿ ತಾಮ್ರಶಾಸನದಿಂದ ತಿಳಿದಿದೆ. ಅಂದರೆ ಅಣುವ್ರತಗಳ ಮಾತು ಈ ಸೀಮೆಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಆ ವ್ರತಗಳಲ್ಲಿ ಮಿತಿಯನ್ನು ಯಾವುದಕ್ಕೆ ಹೇಳಿದೆ ಎಂಬುದನ್ನು ಗಮನಿಸಬೇಕು. ಹೊಲ, ಮನೆ, ಚಿನ್ನ, ಧಾನ್ಯ, ಬಟ್ಟೆ, ಪ್ರಯಾಣದ ದಿಕ್ಕು, ಊಟ-ಉಡುಗೆ. ಇವು ಗೃಹಸ್ಥನಿಗೆ ಅನಿವಾರ್ಯವಾದವು. ಪೂರ್ತಿ ಬಿಡಲಾಗದ್ದರಿಂದ ಇಷ್ಟೇ ಸಾಕೆಂದು ಗೆರೆ ಎಳೆದುಕೊಳ್ಳುವುದು. ಸಪ್ತವ್ಯಸನಗಳಿಗೆ ಇಂಥ ಗೆರೆಯನ್ನು ಯಾವ ಶ್ರಾವಕಾಚಾರವೂ ಎಳೆದಿಲ್ಲ, ಅವುಗಳಿಗೆ ತ್ಯಾಗವೊಂದೇ. ಆ ಏಳರ ಪಟ್ಟಿಯಲ್ಲಿ ಮೊದಲನೆಯದು ದ್ಯೂತ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅನರ್ಥದಂಡದ ಪ್ರಸಂಗದಲ್ಲೇ ಅದನ್ನು ಹೆಸರಿಸಿ ದೂರದಿಂದಲೇ ಬಿಡಬೇಕೆಂದಿದ್ದಾರೆ. ವಾರಕ್ಕೆ ಇಷ್ಟೇ ಕಳ್ಳತನ ಮಾಡುತ್ತೇನೆಂದು ಮಿತಿ ಹಾಕಿಕೊಂಡವನನ್ನು ಅಚೌರ್ಯವ್ರತಿ ಎನ್ನುವುದುಂಟೇ?

ಅಷ್ಟೇ ಅಲ್ಲ. ಪರಿಗ್ರಹ ಪರಿಮಾಣ ಹೇಳುವುದು ಬರುವುದಕ್ಕೆ ಮಿತಿ. ಇದಕ್ಕಿಂತ ಹೆಚ್ಚು ಬೇಡವೆನ್ನುವುದು. ಆಟಗಾರನ ಮಿತಿ ಇರುವುದು ಹೋಗುವುದಕ್ಕೆ ಮಾತ್ರ. 20,000 ಸೋತರೆ ಏಳುತ್ತೇನೆ ಎನ್ನುವವರು ಸಿಗುತ್ತಾರೆ. 20,000 ಗೆದ್ದರೆ ಹೆಚ್ಚಿನದನ್ನು ಸೋತವರಿಗೆ ಹಿಂತಿರುಗಿಸುತ್ತೇನೆ ಎನ್ನುವವರು ಎಲ್ಲಿದ್ದಾರೆ? ಒಂದು ಕಡೆ ಗೋಡೆ ಕಟ್ಟಿ ಇನ್ನೊಂದು ಕಡೆ ಬಾಗಿಲನ್ನೇ ಇಡದ ಈ ಮಿತಿ ಲೋಭಕ್ಕೆ ಕಡಿವಾಣವಲ್ಲ, ಲೋಭಕ್ಕೆ ಮಾಡಿಸಿದ ವಿಮೆ.

ಆ ಗೋಡೆಯಾದರೂ ನಿಲ್ಲುತ್ತದೆಯೇ? ದಿಗ್ವ್ರತದ ಅತಿಚಾರಗಳನ್ನು ಹೇಳುವಾಗ ತತ್ತ್ವಾರ್ಥಸೂತ್ರಕಾರರು ಕ್ಷೇತ್ರವೃದ್ಧಿ, ಸ್ಮೃತ್ಯಂತರಾಧಾನ ಎಂಬ ಎರಡನ್ನು ಸೇರಿಸಿದ್ದಾರೆ. ಒಂದು ದಿಕ್ಕಿನ ಮಿತಿಯನ್ನು ಕಡಿಮೆ ಮಾಡಿ ಇನ್ನೊಂದು ದಿಕ್ಕಿಗೆ ಸೇರಿಸಿಕೊಳ್ಳುವುದು ಮೊದಲನೆಯದು. ಹಾಕಿಕೊಂಡ ಮಿತಿಯೇ ಮರೆತುಹೋಗುವುದು ಎರಡನೆಯದು. ಪೋಕರ್ ಮೇಜಿನ ಮನಸ್ಸನ್ನು ಇದಕ್ಕಿಂತ ಚೆನ್ನಾಗಿ ಯಾರೂ ಬಣ್ಣಿಸಲಾರರು. “ಮುಂದಿನ ವಾರ ಬರುವುದಿಲ್ಲ, ಅದರ ಹಣವನ್ನು ಇಂದೇ ಹಾಕುತ್ತೇನೆ” ಎನ್ನುವುದು ಕ್ಷೇತ್ರವೃದ್ಧಿ. ರಾತ್ರಿ ಎರಡು ಗಂಟೆಯ ಮೇಲೆ, ಕೈಗೆ ಎರಡು ರಾಜ ಬಂದಾಗ, ಸಂಜೆ ಮನೆಯಲ್ಲಿ ಹೇಳಿಬಂದ ಅಂಕಿ ನೆನಪಿಗೆ ಬಾರದಿರುವುದು ಸ್ಮೃತ್ಯಂತರಾಧಾನ. ಸಾಲದೆಂಬಂತೆ ಈ ಮಿತಿ ಒಂದು ರಾತ್ರಿಯದು. ರಾತ್ರಿಗೆ 10,000ದಂತೆ ವರ್ಷದ ಐವತ್ತೆರಡು ಶನಿವಾರಗಳು ಸೇರಿದರೆ 5,20,000 ರೂಪಾಯಿ. ಅಷ್ಟು ಮೊತ್ತವನ್ನು ಒಟ್ಟಿಗೆ ಕೇಳಿದ್ದರೆ ತಿಜೋರಿಯ ಬೀಗದ ಕೈ ಕೊಡುವ ತಂದೆ ಈ ಊರುಗಳಲ್ಲಿ ಒಬ್ಬನೂ ಸಿಗಲಾರ.

ಒಯ್ಯುವುದು ಎಂಬ ಮಾತಿಗೇ ಈಗ ಅರ್ಥ ಉಳಿದಿಲ್ಲವೆಂಬುದು ಇನ್ನೊಂದು ಸಂಗತಿ. ಹಿಂದೆ ಸೊಂಟದ ಚೀಲ ಬರಿದಾದರೆ ಆಟ ನಿಲ್ಲುತ್ತಿತ್ತು. ಮನೆಗೆ ಹೋಗಿ ಹೆಂಡತಿಯ ಕಣ್ಣೆದುರು ಪೆಟ್ಟಿಗೆ ತೆರೆಯಬೇಕಿತ್ತು, ಆ ನಾಚಿಕೆಯೇ ಎಷ್ಟೋ ಮಂದಿಯನ್ನು ಕಾಪಾಡಿತು. ಈಗ ಮೊಬೈಲು ಜೇಬಿನಲ್ಲಿದೆ. ಯುಪಿಐ ಮೂಲಕ ಒಬ್ಬರಿಂದ ಇನ್ನೊಬ್ಬರಿಗೆ ದಿನಕ್ಕೆ ಸಾಮಾನ್ಯವಾಗಿ 1 ಲಕ್ಷ ರೂಪಾಯಿವರೆಗೆ ಕಳುಹಿಸಬಹುದು. ಮಧ್ಯರಾತ್ರಿ ದಾಟಿದರೆ ದಿನಾಂಕವೂ ಬದಲಾಗುತ್ತದೆ. ಎರಡು ಕಟ್ಟು ನೋಟು ಎಣಿಸಿ ತಂದಿದ್ದೇನೆ, ಅದಕ್ಕಿಂತ ಹೆಚ್ಚಿಲ್ಲ ಎಂದು ಎದೆ ತಟ್ಟಿಕೊಳ್ಳುವವನು ಮೊಬೈಲನ್ನು ಮನೆಯಲ್ಲಿಟ್ಟು ಬಂದಿದ್ದಾನೆಯೇ ಎಂದು ಮೊದಲು ಕೇಳಬೇಕು.

ಈ ಟೀಕೆ ಇಸ್ಪೀಟಿಗೆ ಮಾತ್ರ ಸಲ್ಲುತ್ತದೆಂದು ಭಾವಿಸಿ ನೆಮ್ಮದಿಯಾಗಿ ಕುಳಿತಿರುವ ಹಿರಿಯರೂ ಸಮಾಜದಲ್ಲಿದ್ದಾರೆ. ಎಲೆ ಮುಟ್ಟುವುದಿಲ್ಲ, ಆದರೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತೇ ವಾರದ ಆಪ್ಷನ್ ಕೊಂಡು ಮಾರುತ್ತಾರೆ. ಅದಕ್ಕೂ “ಇಷ್ಟೇ ಮಾರ್ಜಿನ್” ಎಂಬ ಮಿತಿ ಉಂಟು. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರ ಮಾಡಿದ ವ್ಯಕ್ತಿಗಳಲ್ಲಿ ಶೇ. 93 ಮಂದಿ ನಷ್ಟ ಅನುಭವಿಸಿದರೆಂದೂ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತೆಂದೂ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನ ತಿಳಿಸಿದೆ. ಮಗನ ಪೋಕರ್ ಮೇಜನ್ನು ಬಯ್ಯುವ ಮುನ್ನ ತಂದೆ ತನ್ನ ಬ್ರೋಕರು ಕಳುಹಿಸಿದ ವರ್ಷದ ಲೆಕ್ಕಪತ್ರವನ್ನು ಒಮ್ಮೆ ತೆರೆದು ನೋಡುವುದು ಲೇಸು.

ಎಲ್ಲಕ್ಕಿಂತ ಖೇದಕರವಾದುದು ದೀಪಾವಳಿಯ ರಾತ್ರಿ. ಹೊಸತೊಡಕಿನ ಜೂಜಿಗೆ ಹಳ್ಳಿಯವರನ್ನು ಹಳಿದು, ಪೊಲೀಸರು ಪಣದ ಹಣವನ್ನು ವಶಪಡಿಸಿಕೊಂಡ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ತಲೆಯಾಡಿಸುವ ಮನೆಗಳಲ್ಲೇ, ಅಮಾವಾಸ್ಯೆಯ ರಾತ್ರಿ ಶಕುನದ ಹೆಸರಿನಲ್ಲಿ ಮೂರೆಲೆ ಆಟ ನಡೆಯುತ್ತದೆ. ಈಗ ಅದರ ಜಾಗಕ್ಕೆ ಪೋಕರ್ ಬರುತ್ತಿದೆ. ಭಗವಾನ್ ಮಹಾವೀರರು ಪಾವಾಪುರಿಯಲ್ಲಿ ನಿರ್ವಾಣ ಹೊಂದಿದ ರಾತ್ರಿ ಅದು. ಬೆಳಗಿನ ಜಾವ ನಿರ್ವಾಣ ಪೂಜೆಗೆ ಬಸದಿಗೆ ಹೋಗಬೇಕಾದವರು ಅದೇ ಹೊತ್ತಿಗೆ ಚಿಪ್ಪು ಎಣಿಸುತ್ತಿರುತ್ತಾರೆ. ಮಕ್ಕಳೂ ಅಲ್ಲೇ ಎಚ್ಚರವಾಗಿರುತ್ತಾರೆ. ಹೊಸ ನೂರರ ನೋಟನ್ನು ಅವರ ಕೈಗೂ ಕೊಟ್ಟು “ನೀನೂ ಒಂದಾಟ ಆಡು” ಎನ್ನುವ ಅಜ್ಜಂದಿರಿದ್ದಾರೆ. ಎಷ್ಟು ಹಣ ತರಬೇಕು ಎಂಬ ಮೊದಲ ಪಾಠ ಮಗುವಿಗೆ ಆಗುವುದು ಅಲ್ಲಿಯೇ.

ಅಂದೇ ಹೊಸ ಖಾತೆ ಪುಸ್ತಕಕ್ಕೂ ಪೂಜೆ. ಹಿಂದಿನ ರಾತ್ರಿ ಹೋದ 10,000 ರೂಪಾಯಿಯನ್ನು ಯಾವ ಖಾತೆಗೆ ಬರೆಯಬೇಕು? ಸರಕು ಬಂದಿಲ್ಲವಾದ್ದರಿಂದ ಖರೀದಿಯಲ್ಲ. ಯಾರೂ ಹಸಿದಿರಲಿಲ್ಲವಾದ್ದರಿಂದ ದಾನವಲ್ಲ. ಹಿಂದಿರುಗಿ ಬರುವುದಿಲ್ಲವಾದ್ದರಿಂದ ಕೈಗಡವೂ ಅಲ್ಲ. ಗೆದ್ದವನಿಗೂ ಸುಲಭವಿಲ್ಲ: ಇಸ್ಪೀಟಿನ ಗೆಲುವಿಗೆ ಆದಾಯ ತೆರಿಗೆ ನೇರವಾಗಿ ಶೇ. 30; ಹಿಂದಿನ ವಾರಗಳ ಸೋಲನ್ನು ಅದರಲ್ಲಿ ಕಳೆಯಲು ಕಾನೂನು ಬಿಡುವುದಿಲ್ಲ. ಆದುದರಿಂದ ಗೆದ್ದದ್ದು ಪುಸ್ತಕಕ್ಕೇ ಬರುವುದಿಲ್ಲ, ಸೋತದ್ದು “ಮನೆ ಖರ್ಚು” ಎಂದು ಬರುತ್ತದೆ. ಗುಮಾಸ್ತನು ಒಂದು ಮಾತೂ ಕೇಳದೆ ಹಾಗೆಯೇ ಬರೆದುಕೊಳ್ಳುತ್ತಾನೆ. ಮನೆಯಲ್ಲಿ ಆ ತಿಂಗಳು ಯಾವ ಖರ್ಚೂ ಆಗಿಲ್ಲವೆಂಬುದು ಅವನಿಗೂ ಗೊತ್ತಿರುತ್ತದೆ.